ಬರಬೇಕಾದ ಮಳೆ, ಬಂದ ಮಳೆ

ಹೋದ ವರ್ಷ ಸುಣ್ಣಬಣ್ಣ ಮಾಡಿಸುವಾಗ ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಯ ಅಟ್ಟದಿಂದ ಹಳೆಯ ಗೋಡೆ ಕ್ಯಾಲೆಂಡರುಗಳ ಒಂದು ದಪ್ಪ ಸುರುಳಿ ಇಳಿಯಿತು. ಪುಸ್ತಕಕ್ಕೆ ಬೈಂಡ್ ಹಾಕಲು ಆಗುತ್ತವೆ ಎಂದು ಅಮ್ಮ ಎತ್ತಿಟ್ಟವು. ಬೈಂಡ್ ಹಾಕಿಸಿಕೊಳ್ಳುವ ವಯಸ್ಸಿನ ಮಕ್ಕಳು ಮನೆಯಲ್ಲಿ ಇಲ್ಲವಾಗಿ ಎಷ್ಟೋ ಕಾಲವಾಯಿತು, ಆ ಮಾತು ಬೇರೆ. ರದ್ದಿಗೆ ಹಾಕುವ ಮುಂಚೆ ಒಂದನ್ನು ಬಿಚ್ಚಿ ನೋಡಿದೆ. ಚೌಕಗಳ ತುಂಬ ಅಮ್ಮನ ಕೈಬರಹ. ಹಾಲು ಬೇಡವೆಂದ ದಿನ, ಸಿಲಿಂಡರ್ ಬದಲಾಯಿಸಿದ ದಿನ, ಕಾವೇರಿ ನೀರು ಬಿಡದ ದಿನ. ಇವುಗಳ ಸಂದಿಯಲ್ಲಿ ಮಳೆ: ‘ಜೋರು ಮಳೆ’, ‘ಬರೀ ಗುಡುಗು’, ‘ರಾತ್ರಿಯೆಲ್ಲ ಮಳೆ, ಕರೆಂಟಿಲ್ಲ’.

ಅದೇ ಚೌಕಗಳ ಮೂಲೆಯಲ್ಲಿ ಅಚ್ಚು ಹಾಕಿದವರೂ ಮಳೆಯನ್ನೇ ಬರೆದಿದ್ದರು. ರೋಹಿಣಿ ಮಳೆ ಆರಂಭ, ಮೃಗಶಿರಾ ಮಳೆ ಆರಂಭ, ಆರಿದ್ರಾ ಮಳೆ ಆರಂಭ. ಒಂದು ಆರಿದ್ರೆಯ ಕೆಳಗೆ ಅಮ್ಮ ನೀಲಿ ಇಂಕಿನಲ್ಲಿ ಬರೆದಿದ್ದಾಳೆ: ‘ಒಳ್ಳೇ ಬಿಸಿಲು. ಹಪ್ಪಳ ಒಣಗಿತು.’

ಅಚ್ಚಿನಲ್ಲಿದ್ದದ್ದು ಬರಬೇಕಾದ ಮಳೆ, ಇಂಕಿನಲ್ಲಿದ್ದದ್ದು ಬಂದ ಮಳೆ. ಹವಾಮಾನದ ಆಕರಗ್ರಂಥಗಳೆಂದು ನಾವು ಕರೆಯುವುದೆಲ್ಲ ಕೊನೆಗೆ ಈ ಎರಡು ಜಾತಿಗೇ ಸೇರುತ್ತವೆ ಎಂದು ನನಗೆ ಅನ್ನಿಸಿದ್ದು ಆ ಹಪ್ಪಳದ ಸಾಲು ಓದಿದಾಗ. ಹಾಗೆ ನೋಡಿದರೆ ರಾಜಾಜಿನಗರ, ವಿಜಯನಗರದ ಯಾವ ಮನೆಯಲ್ಲೂ ಹವಾಮಾನದ ಪುಸ್ತಕ ಇಲ್ಲ ಅನ್ನುವ ಹಾಗಿಲ್ಲ. ಮೊಳೆಗೆ ನೇತುಹಾಕಿದ್ದೇವೆ, ಅಷ್ಟೇ.

ಮೊದಲ ಜಾತಿಯದು ಬಲು ಹಳೆಯದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ಅವಧಿಗೆ ಆ ನಕ್ಷತ್ರದ ಮಳೆ ಎಂದು ಹೆಸರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಕೊನೆಯ ವಾರ ಭರಣಿ, ಮೇ 24–25ಕ್ಕೆ ರೋಹಿಣಿ, ಜೂನ್ 21–22ಕ್ಕೆ ಆರಿದ್ರೆ, ಆಗಸ್ಟ್ 16–17ಕ್ಕೆ ಮಘೆ, ಅಕ್ಟೋಬರ್ ಕೊನೆಗೆ ಸ್ವಾತಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ. ಮಘೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಓದು ಬರಹ ಬಾರದವರ ಬಾಯಲ್ಲಿ ಉಳಿದುಬಂದ ಕೃಷಿ ಕೈಪಿಡಿ ಇದು. ಕೆಲವು ಪಂಚಾಂಗಗಳು ಪ್ರತಿ ಮಳೆಗೂ ಒಂದು ವಾಹನ ಕೊಡುತ್ತವೆ. ಕಪ್ಪೆಯ ಮೇಲೆ ಬಂದ ಮಳೆ ಚೆನ್ನಾಗಿ ಹೊಯ್ಯುತ್ತದೆ, ಕತ್ತೆಯ ಮೇಲೆ ಬಂದದ್ದನ್ನು ನಂಬುವಂತಿಲ್ಲ.

ಕನ್ನಡದಲ್ಲಿ ಈ ವಿದ್ಯೆಗೆ ಪುಸ್ತಕಗಳೂ ಇದ್ದವು. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ ಹೆಸರಿಗೆ ತಕ್ಕಂತೆ ಲೋಕದ ಉಪಯೋಗದ ಗ್ರಂಥ. ಜ್ಯೋತಿಷ, ವಾಸ್ತು, ನೆಲದೊಳಗಿನ ನೀರು ಹುಡುಕುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧ ಎಲ್ಲವೂ ಅದರಲ್ಲಿವೆ, ಮಳೆಯ ಲಕ್ಷಣಗಳೂ ಇವೆ. ಆಮೇಲೆ ಸುಮಾರು 1300ರ ಹೊತ್ತಿಗೆ ಅರ್ಹದ್ದಾಸ ಎಂಬ ಜೈನ ಕವಿ ‘ರಟ್ಟಮತ’ ಬರೆದ. ಮಳೆ, ಮಿಂಚು, ಭೂಕಂಪ, ಗ್ರಹಗತಿ, ಶಕುನ ಇವೇ ಅದರ ವಸ್ತು. ಪ್ರಕೃತಿಯ ವ್ಯಾಪಾರಗಳಿಗೆಂದೇ ಮೀಸಲಾದ ಇಂಥ ಗ್ರಂಥ ಆ ಕಾಲಕ್ಕೆ ಕನ್ನಡದಲ್ಲಿತ್ತು, ಮುಂದೆ ಭಾಸ್ಕರ ಎಂಬಾತ ಅದನ್ನು ತೆಲುಗಿಗೂ ತಂದ. ನಮ್ಮ ಸಾಹಿತ್ಯ ಚರಿತ್ರೆಯ ಪಾಠಗಳಲ್ಲಿ ಅರ್ಹದ್ದಾಸನಿಗೆ ಸಿಗುವುದು ಒಂದೂವರೆ ಸಾಲು. ಇದು ನನಗೆ ಸರಿ ಕಾಣುವುದಿಲ್ಲ.

ಆದರೆ ಈ ಪುಸ್ತಕಗಳಲ್ಲಿ ಸದ್ದಿಲ್ಲದ ಒಂದು ಜಾರಿಕೆ ಇದೆ. ಮಳೆಗಾಲ ಬರುವುದು ಸೂರ್ಯ ಉತ್ತರಕ್ಕೆ ದಕ್ಷಿಣಕ್ಕೆ ಸರಿಯುವ ಲೆಕ್ಕದಲ್ಲಿ. ಪಂಚಾಂಗದ ಸೌರವರ್ಷ ನಡೆಯುವುದು ನಕ್ಷತ್ರಗಳ ಲೆಕ್ಕದಲ್ಲಿ. ಎರಡಕ್ಕೂ ವರ್ಷಕ್ಕೆ 20 ನಿಮಿಷದಷ್ಟು ವ್ಯತ್ಯಾಸ. ಹೆಚ್ಚುಕಡಿಮೆ 70 ವರ್ಷಕ್ಕೆ ಒಂದು ದಿನ. ಹಿಂದೊಮ್ಮೆ ಮಕರ ಸಂಕ್ರಮಣವೂ ಉತ್ತರಾಯಣದ ಆರಂಭವೂ ಒಂದೇ ದಿನವಾಗಿದ್ದವು. ಈಗ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ಚಾವುಂಡರಾಯನಿಂದ ಇಲ್ಲಿಗೆ 1000 ವರ್ಷ, ಅಂದರೆ 14 ದಿನ. ಸರಿಯಾಗಿ ಒಂದು ಮಳೆ! ಅವನ ಕಾಲದ ರೈತ ಆರಿದ್ರೆ ಎಂದು ಕರೆಯುತ್ತಿದ್ದ ಮಳೆಯನ್ನು ನಾವಿವತ್ತು ಮೃಗಶಿರಾ ಎನ್ನುತ್ತಿದ್ದೇವೆ. ಗಾದೆಗಳು ಮಾತ್ರ ಹೆಸರಿಗೆ ಅಂಟಿಕೊಂಡು ಕೂತಿವೆ. ‘ಈಗಿನ ಮಳೆ ನಕ್ಷತ್ರ ತಪ್ಪಿದೆ’ ಎಂದು ಹಿರಿಯರು ಗೊಣಗಿದರೆ ಬೇಸರಿಸಬೇಡಿ. ಅವರು ತಿಳಿಯದೆಯೇ ಖಗೋಳಶಾಸ್ತ್ರ ಮಾತಾಡುತ್ತಿದ್ದಾರೆ.

ಇನ್ನೊಂದು ಪದದ ಮಾತು ಹೇಳಿಬಿಡುತ್ತೇನೆ. ಮಳೆ ಜೋರಾದ ಮರುದಿನ ಪತ್ರಿಕೆಗಳಲ್ಲಿ ‘ಕುಂಭದ್ರೋಣ ಮಳೆ’ ಕಾಣಿಸಿಕೊಳ್ಳುತ್ತದಲ್ಲ, ಅಲ್ಲಿ ಕುಂಭವೂ ಅಳತೆ, ದ್ರೋಣವೂ ಅಳತೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ 20 ದ್ರೋಣಕ್ಕೆ ಒಂದು ಕುಂಭ. ಉಗ್ರಾಣದಲ್ಲಿ ಮೊಳದಗಲ ಬಾಯಿಯ ಪಾತ್ರೆಯಿಟ್ಟು ಮಳೆ ಅಳೆಯಬೇಕೆಂದು ಅವನು ಹೇಳುತ್ತಾನೆ, ಯಾವ ನಾಡಿಗೆ ಎಷ್ಟು ದ್ರೋಣ ಮಳೆ ಎಂದು ಪಟ್ಟಿಯನ್ನೂ ಕೊಡುತ್ತಾನೆ. ಪಂಚಾಂಗದವರಿಗೆ ದ್ರೋಣ ಒಂದು ಬಗೆಯ ಮೋಡದ ಹೆಸರೂ ಹೌದು. ವರದಿಗಾರ ಯಾವುದನ್ನು ನೆನೆದು ಬರೆಯುತ್ತಾನೋ, ಅಂತೂ ಅವನ ಶಿರೋನಾಮೆಯಲ್ಲಿ ಎರಡು ಸಾವಿರ ವರ್ಷದ ಹಿಂದಿನ ಮಳೆಮಾಪಕ ಇನ್ನೂ ತುಂಬುತ್ತಿದೆ.

ಬಂದ ಮಳೆಯ ಪುಸ್ತಕ ನಮ್ಮಲ್ಲಿ ಶಿಸ್ತಾಗಿ ಶುರುವಾದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಮೈಸೂರು ಸರ್ಕಾರದ ಹವಾಮಾನ ವರದಿಗಾರರೂ ಆಗಿದ್ದರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಊರುಗಳಲ್ಲಿ ಅಳೆದದ್ದನ್ನು ಸೇರಿಸಿ 1893ರ ಸಾಲಿಗೆ ವಾರ್ಷಿಕ ವರದಿ ತಂದರು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮೈಸೂರು ಸಂಸ್ಥಾನ ತನ್ನದೇ ಲೆಕ್ಕದ ಪುಸ್ತಕ ತೆರೆದದ್ದು ಅದಾಗಿ ಎರಡು ದಶಕದೊಳಗೆ. ಇವತ್ತು ಬೆಂಗಳೂರು ನಗರದ ವೀಕ್ಷಣಾಲಯ ಇರುವುದು ಅರಮನೆ ರಸ್ತೆಯಲ್ಲಿ, ಸಮುದ್ರಮಟ್ಟದಿಂದ 921 ಮೀಟರ್ ಎತ್ತರದಲ್ಲಿ.

ಆ ಪುಸ್ತಕ ಬರೆಯುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸುತ್ತ ಮರ, ಗೋಡೆ ಇಲ್ಲದ ಬಯಲಿನಲ್ಲಿ ಫೈಬರ್‌ಗ್ಲಾಸಿನ ಒಂದು ಕೊಳವೆ, ಅದರ ಬಾಯಿಗೆ ಆಲಿಕೆ, ಒಳಗೆ ಶೀಶೆ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಆದರೆ 20 ಮಿಲಿಲೀಟರ್ ನೀರು ಅಂದರೆ ಒಂದು ಮಿಲಿಮೀಟರ್ ಮಳೆ. ಬೆಳಿಗ್ಗೆ 8:30ಕ್ಕೆ ಒಬ್ಬರು ಹೋಗಿ ಶೀಶೆಯ ನೀರನ್ನು ಅಳತೆ ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ನಡುವೆ ತಗ್ಗಾಗಿರುವ ಜಾಗಕ್ಕೆ ಸರಿಯಾಗಿ ಓದಿ ಬರೆದುಕೊಳ್ಳುತ್ತಾರೆ. ಹಬ್ಬವಿದ್ದರೂ ಬಂದ್ ಇದ್ದರೂ ಅದೇ 8:30. ಪುಸ್ತಕದ ಬೆಲೆ ಇರುವುದೇ ಆ ತಪ್ಪದ ನಡಿಗೆಯಲ್ಲಿ. ಬುದ್ಧಿವಂತಿಕೆ ಅದರಲ್ಲಿ ಏನೂ ಬೇಕಿಲ್ಲ, ತಾಳ್ಮೆ ಬೇಕು.

ಅಮ್ಮನ ಕ್ಯಾಲೆಂಡರನ್ನೂ ಇಲಾಖೆಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟಾಗ 2022ರ ಸೆಪ್ಟೆಂಬರಿನಲ್ಲಿ ನನಗೆ ತಕರಾರು ಕಂಡಿತು. ಬೆಳ್ಳಂದೂರು ಕಡೆಯ ಬಡಾವಣೆಗಳು ಮುಳುಗಿ ಟ್ರ್ಯಾಕ್ಟರಿನಲ್ಲಿ ಜನ ಆಫೀಸಿಗೆ ಹೋದ ಮಳೆ ಅದು. ಅಮ್ಮ ‘ರಾತ್ರಿ ಮಳೆ’ ಎಂದು ಬರೆದದ್ದು 4ನೇ ತಾರೀಕು ಭಾನುವಾರದ ಚೌಕದಲ್ಲಿ. ಇಲಾಖೆಯ 131.6 ಮಿಲಿಮೀಟರ್ ಇರುವುದು 5ರ ಲೆಕ್ಕದಲ್ಲಿ. ಇಬ್ಬರೂ ಸರಿ. ಹಿಂದಿನ ದಿನ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದೆಲ್ಲ ಇಲಾಖೆಗೆ ಇವತ್ತಿನ ಮಳೆ. ಬೆಂಗಳೂರಿನ ದೊಡ್ಡ ಮಳೆಗಳೆಲ್ಲ ಸಾಮಾನ್ಯವಾಗಿ ಸಂಜೆ-ರಾತ್ರಿಯವು, ಹಾಗಾಗಿ ಜನರ ನೆನಪೂ ದಾಖಲೆಯೂ ಆಗಾಗ ಒಂದು ದಿನ ಆಚೀಚೆ ಆಗುತ್ತವೆ.

ಹೀಗೆ ಕೂಡಿದ ದಿನದಿನದ ಅಂಕಿಗಳಿಂದ 30 ವರ್ಷಗಳ ಸರಾಸರಿ ತೆಗೆದು ಇಲಾಖೆ ಊರೂರಿನ ವಾಯುಗುಣ ಕೋಷ್ಟಕ ಪ್ರಕಟಿಸುತ್ತದೆ. ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರವರೆಗಿನದು. ತಿಂಗಳಿಗೆ ಎಷ್ಟು ಮಳೆ, ಎಷ್ಟು ಮಳೆದಿನ, ಗುಡುಗು ಎಷ್ಟು ದಿನ, ಮಂಜು ಎಷ್ಟು ದಿನ, ಆಕಾಶದಲ್ಲಿ ಎಂಟರಲ್ಲಿ ಎಷ್ಟು ಪಾಲು ಮೋಡ. 2.5 ಮಿಲಿಮೀಟರ್ ಮುಟ್ಟದಿದ್ದರೆ ಅದು ಮಳೆದಿನವೇ ಅಲ್ಲ. ಅಲ್ಲಿಂದ 15.5ರವರೆಗೆ ಹಗುರ, 64.4ರವರೆಗೆ ಸಾಧಾರಣ, 64.5 ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ. ಟಿವಿಯವರು ಕೆಂಪು ಹಳದಿ ಬಣ್ಣ ಬಳಿದು ಕೂಗುವ ಅಲರ್ಟುಗಳ ಹಿಂದೆ ಇರುವುದು ಈ ಒಣ ಗೆರೆಗಳೇ.

ಈ ಸರಾಸರಿಗೆ ಕನ್ನಡ ಪತ್ರಿಕೆಗಳು ಕೊಟ್ಟಿರುವ ಹೆಸರು ‘ವಾಡಿಕೆ ಮಳೆ’. ನನಗೆ ಬಹಳ ಇಷ್ಟವಾದ ಮಾತು. ವಾಡಿಕೆ ಅಂದರೆ ಮನೆಯಲ್ಲಿ ನಡೆದುಬಂದದ್ದು, ಹಾಲಿನವನಿಗೂ ನಮಗೂ ಇರುವ ಒಪ್ಪಂದದಂಥದ್ದು. ಆದರೆ ವಾಡಿಕೆಯೂ ನಿಂತ ನೀರಲ್ಲ. ದೇಶದ ನೈಋತ್ಯ ಮುಂಗಾರಿನ ವಾಡಿಕೆ ಹಿಂದೆ 89 ಸೆಂಟಿಮೀಟರ್ ಇತ್ತು, ಲೆಕ್ಕದ ವರ್ಷಗಳು ಸರಿದಂತೆ 88 ಆಯಿತು, ಈಗ 87. ಹಳೆಯ ವಾಡಿಕೆಗೆ ಕೊರತೆ ಅನ್ನಿಸುವ ಮಳೆ ಹೊಸ ವಾಡಿಕೆಗೆ ಸರಿಹೋಗಬಹುದು. ಆದ್ದರಿಂದ ‘ವಾಡಿಕೆಗಿಂತ ಹೆಚ್ಚು’ ಎಂದು ಓದಿದಾಗ ಯಾವ ಕಾಲದ ವಾಡಿಕೆ ಎಂದು ಕೇಳುವುದು ಒಳ್ಳೆಯ ಚಟ.

ಬೆಂಗಳೂರಿನ ಕೋಷ್ಟಕಕ್ಕೆ ಅದರದೇ ಗುಣವಿದೆ. ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಆದರೆ ಅದಕ್ಕೆ ಎರಡು ದಿಬ್ಬ. ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಅದಕ್ಕಿಂತ ದೊಡ್ಡದು. ದೇಶಕ್ಕೆಲ್ಲ ಮಳೆಗಾಲವಾದ ಜೂನ್–ಜುಲೈ ನಮಗೆ ತಗ್ಗು. ಮೋಡಗಳು ಹೊರೆಯನ್ನೆಲ್ಲ ಪಶ್ಚಿಮ ಘಟ್ಟಕ್ಕೆ ಸುರಿದು ಹಗುರಾಗಿ ಇತ್ತ ಬರುತ್ತವೆ. ಪುನರ್ವಸು, ಪುಷ್ಯದಲ್ಲಿ ನಮಗೆ ಸಿಗುವುದು ಗಾಳಿ, ಮಬ್ಬು, ಜಿಟಿಜಿಟಿ ಸೋನೆ, ಒಣಗದ ಸಾಕ್ಸು. ನಮ್ಮ ನಿಜವಾದ ಮಳೆಗಳು ಕೃತ್ತಿಕೆ, ರೋಹಿಣಿ, ಆಮೇಲೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಅಮ್ಮನ ಆರಿದ್ರೆಯ ಹಪ್ಪಳ ಒಣಗಿದ್ದರಲ್ಲಿ ಅಂಥ ಸೋಜಿಗವೇನೂ ಇಲ್ಲ.

ದಾಖಲೆಗಳ ಸಾಲಿನಲ್ಲಿ ಕಣ್ಣಾಡಿಸುವುದು ಇನ್ನೊಂದು ಖುಷಿ. ಬೆಂಗಳೂರಿನ ಅತಿ ಚಳಿ 7.8 ಡಿಗ್ರಿ, 1884ರ ಜನವರಿ 13ರದು. 140 ವರ್ಷ ಕಳೆದರೂ ಅಲುಗಾಡಿಲ್ಲ. ಅತಿ ಸೆಕೆಯ ದಾಖಲೆ 1931ರ ಮೇ ತಿಂಗಳ 38.9 ಡಿಗ್ರಿಯಲ್ಲಿ 85 ವರ್ಷ ಕೂತಿದ್ದು, 2016ರ ಏಪ್ರಿಲ್ 24ರಂದು 39.2ಕ್ಕೆ ಜಾಗ ಬಿಟ್ಟುಕೊಟ್ಟಿತು. ಚಳಿಯ ದಾಖಲೆ ಹಳೆಯದಾಗುತ್ತಾ ಹೋಗುವುದು, ಸೆಕೆಯದು ಹೊಸದಾಗುವುದು, ಇದರ ಅರ್ಥವನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

2024 ಅದಕ್ಕಿಂತ ವಿಚಿತ್ರ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗಾಗಿ ಜನ ಒಬ್ಬರ ಮೇಲೊಬ್ಬರು ಫೋನು ಮಾಡುತ್ತಿದ್ದ ಬೇಸಿಗೆ. ನಗರ ಕೇಂದ್ರದ ಏಪ್ರಿಲ್ ಲೆಕ್ಕಕ್ಕೆ ಸಿಗುವಷ್ಟು ಮಳೆಯೇ ಇಲ್ಲದೆ ಮುಗಿಯಿತು. ಜೂನ್ 2ರ ಭಾನುವಾರ, ಇನ್ನೂ ರೋಹಿಣಿ ನಡೆಯುತ್ತಿರುವಾಗಲೇ, ಒಂದೇ ದಿನ 111.1 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದ ಮಳೆಗೆ ಅದುವರೆಗಿನ ದಾಖಲೆ 1891ರ ಜೂನ್ 16ರ 101.6. ನಡುವೆ 133 ವರ್ಷ. ಈ ಅಂಕಿಯನ್ನು ನಮ್ಮ ಕಡೆಯ ಅಳತೆಗೆ ಇಳಿಸೋಣ. ಮೂವತ್ತು-ನಲವತ್ತರ ಸೈಟು ಅಂದರೆ 1,200 ಚದರ ಅಡಿ, 111 ಚದರ ಮೀಟರಿಗೆ ತುಸು ಹೆಚ್ಚು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಹಾಗಾದರೆ ಆ ಸಂಜೆ ಅಷ್ಟು ಮಳೆ ಬಿದ್ದ ಒಂದೊಂದು ಸೈಟಿನ ಮೇಲೂ ಸುಮಾರು 12,400 ಲೀಟರ್ ಸುರಿಯಿತು. 6,000 ಲೀಟರಿನ ಎರಡು ಟ್ಯಾಂಕರ್, ಬಾಗಿಲಿಗೇ ಬಂದು, ಚರಂಡಿಗೆ ಹೋದವು.

ಚರಂಡಿಯಿಂದ ಎಲ್ಲಿಗೆ ಎಂಬುದೂ ನಮ್ಮ ಭಾಗದವರು ತಿಳಿದಿರಬೇಕಾದದ್ದು. ಬೆಂಗಳೂರಿನ ಬೆನ್ನೆಲುಬಿನಂಥ ಏಣು ಉತ್ತರ-ದಕ್ಷಿಣವಾಗಿ ಹಾದಿದೆ. ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಯ ಪಾಲು. ರಾಜಾಜಿನಗರ, ವಿಜಯನಗರದ್ದು ವೃಷಭಾವತಿ ಸೇರಿ, ನಾಯಂಡಹಳ್ಳಿ, ಕೆಂಗೇರಿ ದಾಟಿ, ಅರ್ಕಾವತಿಯ ಮೂಲಕ ಕಾವೇರಿಗೆ. ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಮಳೆ ನಿಂತ ಮೇಲೆ ಹೋಗಿ ನೋಡಿ. ಮೈಸೂರು ರಸ್ತೆಯ ಪಕ್ಕ ಕಪ್ಪಗೆ, ನೊರೆ ಕಟ್ಟಿಕೊಂಡು ಓಡುತ್ತಿರುವುದು ನಮ್ಮ ತಾರಸಿಗಳೇ.

ಇಲ್ಲೇ ನನ್ನ ದೂರು ಇರುವುದು. ಪತ್ರಿಕೆಯಲ್ಲಿ ಬರುವ ಬೆಂಗಳೂರಿನ ಅಂಕಿ ನಗರ ವೀಕ್ಷಣಾಲಯದ್ದು, ಎಚ್‌ಎಎಲ್ ವಿಮಾನ ನಿಲ್ದಾಣದ್ದು, ದೇವನಹಳ್ಳಿಯ ವಿಮಾನ ನಿಲ್ದಾಣದ್ದು. ಶತಮಾನದ ಕೋಷ್ಟಕದಲ್ಲಿ ಪಶ್ಚಿಮದ ನಮಗೆ ನಮ್ಮದೇ ಕಾಲಂ ಇಲ್ಲ. ಸೋನೆ ಮಳೆಯಾದರೆ ಅದು ಅಷ್ಟೇನೂ ಮುಖ್ಯವಲ್ಲ, ಊರಿಡೀ ಒಂದೇ ಹದವಾಗಿ ನೆನೆಯುತ್ತದೆ. ಮೇ ತಿಂಗಳ ಗುಡುಗು ಮಳೆಯ ಮೋಡಕ್ಕೆ ಅಷ್ಟು ಉದಾರ ಬುದ್ಧಿ ಇಲ್ಲ. ಕೆಲವೇ ಕಿಲೋಮೀಟರ್ ಅಗಲದ ಒಂದು ಗೋಪುರ ಬೆಳೆದು, ಅರ್ಧ ಮುಕ್ಕಾಲು ಗಂಟೆ ಸುರಿದು, ಕರಗಿಹೋಗುತ್ತದೆ. ಮಾಗಡಿ ರಸ್ತೆಯ ಆ ಕಡೆ ಕೊಡೆ, ಈ ಕಡೆ ಗಾಗಲ್. ಅರಮನೆ ರಸ್ತೆಯ ಶೀಶೆ ಒಣಗಿದ್ದಾಗ ಕೆಂಗೇರಿಯ ಅಂಡರ್‌ಪಾಸ್ ತುಂಬಿರಬಹುದು. 2020ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿಯ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿದ ಸಂಜೆ, ಊರಿನ ಬೇರೆ ಮೂಲೆಯವರಿಗೆ ಅದು ಟಿವಿಯಲ್ಲಿ ನೋಡಿದ ಸುದ್ದಿ.

ಈ ಕೊರತೆಯನ್ನು ತುಂಬಲು ಹೊರಟಿರುವುದು ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಪುಟ್ಟ ಘಟಕ ಅದು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೂ ಬೆಂಗಳೂರಿನ ಬಡಾವಣೆಗಳಲ್ಲೂ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಯಾವ ವಾರ್ಡಿನಲ್ಲಿ ಎಷ್ಟು ಬಂತೆಂದು ‘ಮೇಘಸಂದೇಶ’ ಆ್ಯಪ್‌ನಲ್ಲಿ ನೋಡುವಂತಾದದ್ದು ಇದರಿಂದಲೇ. ಒಳ್ಳೆಯ ಕೆಲಸ. ಆದರೆ ವಾಡಿಕೆ ಎನ್ನಿಸಿಕೊಳ್ಳಲು 30 ವರ್ಷ ಬೇಕು. ನಮ್ಮ ಬಡಾವಣೆಯ ವಾಡಿಕೆ ಇನ್ನೂ ಬರೆಯಲ್ಪಡುತ್ತಿದೆ, ಓದಲು ಸಿಗುವುದು ಮಕ್ಕಳ ಕಾಲಕ್ಕೆ.

ಮಳೆಯೊಂದನ್ನೇ ಹೇಳುತ್ತ ಕೂತರೆ ಬಿಸಿಲನ್ನು ಲೆಕ್ಕಕ್ಕೆ ತಂದ ವಿಜ್ಞಾನಿ ಅನ್ನಾ ಮಣಿಯವರಿಗೆ ಅನ್ಯಾಯವಾದೀತು. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಅಧ್ಯಯನಕ್ಕೆ. ಪ್ರಬಂಧ ಬರೆದು ಮುಗಿಸಿದರೂ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳಲ್ಲಿ ಸುಮಾರು 100ಕ್ಕೆ ನಮ್ಮಲ್ಲೇ ತಯಾರಿಸುವ ನಕ್ಷೆ ಸಿದ್ಧಪಡಿಸಿದರು. 1976ರಲ್ಲಿ ನಿವೃತ್ತರಾಗಿ ಮತ್ತೆ ಬೆಂಗಳೂರಿಗೆ, ರಾಮನ್ ಸಂಶೋಧನಾ ಸಂಸ್ಥೆಗೆ. ಆಮೇಲೆ 1980ರಲ್ಲಿ ಭಾರತದ ಸೌರವಿಕಿರಣದ ಅಂಕಿಅಂಶಗಳ ಕೈಪಿಡಿ, ಮರುವರ್ಷ ಅದರ ಜೊತೆಗಾರ ಗ್ರಂಥ. ಯಾವ ಊರಿನಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ನೆಲ ಮುಟ್ಟುತ್ತದೆ ಎಂಬ ಪುಟಪುಟದ ಕೋಷ್ಟಕ ಅದು. ಕಾದಂಬರಿಯ ಹಾಗೆ ಓದಿಸಿಕೊಳ್ಳುವ ಪುಸ್ತಕ ಖಂಡಿತ ಅಲ್ಲ. ಆದರೆ ವಿಜಯನಗರದ ಯಾವುದೇ ತಾರಸಿ ಹತ್ತಿ ಸುತ್ತ ನೋಡಿದರೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕಕ್ಕೊಂದು ಸೋಲಾರ್ ಹೀಟರ್ ಕಾಣುತ್ತದಲ್ಲ, ಅದು ಎಷ್ಟು ದೊಡ್ಡದಿರಬೇಕು, ಯಾವ ತಿಂಗಳು ನೀರು ಬಿಸಿಯಾಗದು ಎಂಬ ಲೆಕ್ಕ ಹಾಕಲು ಬೇಕಾದದ್ದು ಇಂಥ ಕೋಷ್ಟಕವೇ.

ಕನ್ನಡದಲ್ಲೇ ಇವನ್ನೆಲ್ಲ ತಿಳಿಯಬೇಕೆನ್ನುವವರಿಗೆ ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಿಂದಲೂ ಇದೆ, ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶವಿದೆ. ತೊಡಕಿರುವುದು ಪದದಲ್ಲಿ. ಹವಾಮಾನ ಅಂದರೆ ಇವತ್ತು ಕೊಡೆ ಬೇಕೇ ಎಂಬುದು, ವಾಯುಗುಣ ಅಂದರೆ ಮನೆಗೆ ಸಜ್ಜಾ ಎಷ್ಟು ಮುಂದಕ್ಕೆ ಬಿಡಬೇಕು ಎಂಬುದು. ಶಾಲೆಯ ಭೂಗೋಳದಲ್ಲಿ ನಾವು ಬೇರೆಬೇರೆಯಾಗಿಯೇ ಕಲಿತ ಎರಡನ್ನೂ ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದು ಒಂದೇ ಚೀಲಕ್ಕೆ ತುಂಬಿಬಿಟ್ಟಿವೆ. ಹವಾಮಾನ ದಿನಾ ಬದಲಾಗುತ್ತದೆ, ಅದಕ್ಕೆ ಸಮ್ಮೇಳನ ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪು ಕೇಳಿದವರದಲ್ಲ.

ಕ್ಯಾಲೆಂಡರುಗಳನ್ನು ರದ್ದಿಗೆ ಹಾಕಲಿಲ್ಲ. ಬದಲಿಗೆ ತಾರಸಿಯ ಮೇಲೆ, ಹೀಟರಿನಿಂದ ದೂರಕ್ಕೆ, ಬಾಯಿ ತಳ ಒಂದೇ ಅಗಲವಿರುವ ನೇರ ಗೋಡೆಯ ಒಂದು ಸ್ಟೀಲ್ ಡಬ್ಬ ಇಟ್ಟೆ. ತಳ ಸಪಾಟಾಗಿದ್ದರೆ ಸಾಕು, ಒಳಗೆ ಸ್ಕೇಲು ಇಳಿಸಿ ನೋಡಿದರೆ ಮಿಲಿಮೀಟರ್ ಸಿಗುತ್ತದೆ. ಗಾಳಿಗೆ ಉರುಳದಂತೆ ಸುತ್ತ ನಾಲ್ಕು ಇಟ್ಟಿಗೆ. ಮೊದಲ ಮಳೆಯ ಮರುದಿನ 8:30ಕ್ಕೆ ಸರಿಯಾಗಿ ಹೋಗಿ ಅಳೆದು ಕೆಳಗೆ ಬಂದೆ. ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು.

‘ಎಷ್ಟು ಬಂತೋ?’

‘ಏಳು ಮಿಲಿಮೀಟರ್ ಅಮ್ಮ.’

‘ಹಾಗಂದ್ರೆ?’

‘ಇಡೀ ಸೈಟಿಗೆ ಲೆಕ್ಕ ಹಾಕಿದ್ರೆ ಏಳುನೂರ ಎಂಬತ್ತು ಲೀಟರ್.’

‘ಸಂಪಿಗೆ ಎಷ್ಟು ಹೋಯ್ತು ಅದರಲ್ಲಿ?’

ಪೈಪು ಇನ್ನೂ ಚರಂಡಿಗೇ ಇದೆ. ನಾನು ಸುಮ್ಮನಾದೆ. ಅವಳು ಕೈ ಒರೆಸಿಕೊಂಡು ಎದ್ದು, ಕ್ಯಾಲೆಂಡರಿನ ದಾರಕ್ಕೆ ಕಟ್ಟಿದ್ದ ಪೆನ್ನು ತೆಗೆದು, ಹಿಂದಿನ ದಿನದ ಚೌಕದಲ್ಲಿ ಬರೆದಳು: ‘ಸ್ವಲ್ಪ ಮಳೆ.’